ಹೊಲ ಕೊಟ್ಟು ಕಾವಲು ಪಡೆದ ಕಾಲ

ಧಾರವಾಡದಲ್ಲಿ ಕಿಲ್ಲೆ ಎಂಬ ಹೆಸರು ಗಟ್ಟಿಯಾಗಿ ಉಳಿದಿದೆ. ಕೋಟೆ ಮಾತ್ರ ಹಳೆಯ ಅಗಸಿಯಷ್ಟಕ್ಕೆ ಬಂದು ನಿಂತಿದೆ. ಅಲ್ಲಿನ ದುರ್ಗಾದೇವಿಗೆ ಕೈಮುಗಿದು ಹೋಗುವವರ ಕಾಲಡಿಯ ನೆಲ ಒಮ್ಮೆ ಆರು ತಿಂಗಳು ಗುಂಡಿನ ಮಳೆ ಕಂಡಿದೆ.

ಈ ಕೋಟೆಯ ಬಹುಪಾಲು ಮಣ್ಣಿನದಾಗಿತ್ತು, ಸುತ್ತ ಆಳವಾದ ಖಂದಕವಿತ್ತು. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು ಇದನ್ನು ಮುತ್ತಿತು. ಬೆಂಬಲಕ್ಕೆ ಕ್ಯಾಪ್ಟನ್ ಲಿಟಲ್‌ನ ಈಸ್ಟ್ ಇಂಡಿಯಾ ಕಂಪನಿ ತುಕಡಿಯೂ ಇತ್ತು. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಕಂಪನಿ ತುಕಡಿಯ ಲೆಫ್ಟಿನೆಂಟ್ ಎಡ್ವರ್ಡ್ ಮೂರ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಮರಾಠರು ತೋಪಿಗೆ ಮದ್ದು ತುಂಬುತ್ತಿದ್ದರು. ಆಮೇಲೆ ಅರ್ಧ ತಾಸು ಕೂತು ಮಾತಾಡುತ್ತ ಹೊಗೆ ಸೇದುತ್ತಿದ್ದರು. ಗುಂಡು ಹಾರಿ ಧೂಳು ಜೋರಾಗಿ ಎದ್ದರೆ ಸಮಾಧಾನ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಎರಡೂ ಕಡೆ ತೋಪು ಸುಮ್ಮನಾಗುತ್ತಿದ್ದವು, ಅದು ಊಟದ ಹೊತ್ತು. 1791ರ ಏಪ್ರಿಲ್‌ನಲ್ಲಿ ಖಾನ್ ಕರಾರಿನ ಮೇಲೆ ಕೋಟೆ ಬಿಟ್ಟುಕೊಟ್ಟ. ಅಷ್ಟು ದಿನ ತಡೆದದ್ದು ಮಣ್ಣು, ಖಂದಕ ಮತ್ತು ಒಳಗಿದ್ದವರ ಗಟ್ಟಿತನ.

ಮಣ್ಣಿನ ಗೋಡೆ ಅಗ್ಗ. ಅದರ ಮೇಲೆ ನಿಲ್ಲುವ ಆಳು ಅಗ್ಗವಲ್ಲ. ಯುದ್ಧವಿಲ್ಲದ ವರ್ಷಗಳಲ್ಲೂ ಅವನ ಹೊಟ್ಟೆ ತುಂಬಬೇಕು. ಕಂಪನಿ ತನ್ನ ಕಾಲಾಳು ಸಿಪಾಯಿಗೆ ತಿಂಗಳಿಗೆ ಸುಮಾರು 7 ರೂಪಾಯಿ ಎಣಿಸುತ್ತಿತ್ತು. ಸೀಮೆಯ ಒಡೆಯರಾದ ದೇಸಾಯರ ಬೊಕ್ಕಸಕ್ಕೆ ಅಷ್ಟು ನಗದು ಎಲ್ಲಿಂದ ಬರಬೇಕು?

ಅದಕ್ಕೆ ಈ ಸೀಮೆ ಕಂಡುಕೊಂಡ ದಾರಿ ಶೇತ್‌ಸನದಿ. ಶೇತ್ ಅಂದರೆ ಮರಾಠಿಯಲ್ಲಿ ಹೊಲ, ಸನದು ಅಂದರೆ ಹಕ್ಕುಪತ್ರ. ಸರಕಾರ ಒಬ್ಬನಿಗೆ ಹೊಲ ಬಿಟ್ಟುಕೊಡುತ್ತಿತ್ತು. ಕಂದಾಯ ಇಲ್ಲ, ಇದ್ದರೂ ಅಲ್ಪ. ಬದಲಿಗೆ ಅವನು ಕೋಟೆಯ ಕಾವಲಿಗೆ, ಊರ ಪಹರೆಗೆ, ಕರೆ ಬಂದರೆ ದಂಡಿಗೆ ತನ್ನದೇ ಆಯುಧ ಹಿಡಿದು ಹೋಗಬೇಕು. ಅವನಿಗೆ ಬಿಡಾರ ಕಟ್ಟುವ, ಅಡುಗೆ ಮಾಡಿಸುವ ಗೋಜಿಲ್ಲ. ಊರಿಗೆ ಬಂದ ಹೊಸಬ ಯಾರು ಎಂದು ಗುರುತಿಸಲು ಬೇರೆ ಬೇಹುಗಾರನೂ ಬೇಡ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಅವನು ಕಾಯುತ್ತಿದ್ದ ಸೀಮೆಯಲ್ಲಿ ಅವನ ಬಿತ್ತಿಗೆಯೂ ಇತ್ತು. ಮಳೆ ಬಿದ್ದ ವಾರ ಕರೆ ಬಂದರೆ ಕೂರಿಗೆ ಹಿಡಿಯಬೇಕೋ ಕತ್ತಿ ಹಿಡಿಯಬೇಕೋ ಎಂಬ ಇಕ್ಕಟ್ಟು ಈ ಪದ್ಧತಿಯಲ್ಲಿ ಇದ್ದೇ ಇತ್ತು. ಆದರೂ ಹಣದ ಕೊರತೆಯಿದ್ದ ನಾಡಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಹೊಂದುತ್ತಿರಲಿಲ್ಲ.

ಕಿತ್ತೂರು ಸಂಸ್ಥಾನದ ಅಂಥ ಶೇತ್‌ಸನದಿಗಳಲ್ಲಿ ಒಬ್ಬ ಸಂಗೊಳ್ಳಿಯ ರಾಯಣ್ಣ.

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಕಿತ್ತೂರು ಕೋಟೆಯ ಮುಂದಿನ ಕಾಳಗದಲ್ಲಿ ಸತ್ತ. ಡಿಸೆಂಬರ್‌ನಲ್ಲಿ ಕಿತ್ತೂರು ಕಂಪನಿಯ ಕೈಗೆ ಬಿತ್ತು. ಬೆಳಗಾವಿ ಬೇರೆ ಜಿಲ್ಲೆಯಾದದ್ದು 1836ರಲ್ಲಿ, ಅಲ್ಲಿಯವರೆಗೆ ಕಿತ್ತೂರು ಸೀಮೆಯ ಲೆಕ್ಕವೆಲ್ಲ ಧಾರವಾಡದ ಕಚೇರಿಯಲ್ಲೇ. ಆ ಲೆಕ್ಕದಲ್ಲಿ ಇಂಥ ಇನಾಮು ಹೊಲ ಬರೀ ಕಂದಾಯದ ನಷ್ಟವಾಗಿ ಕಂಡಿತು. ರಾಯಣ್ಣನ ಹೊಲದಲ್ಲೂ ಒಂದು ಪಾಲು ಹೋಯಿತು, ಉಳಿದದ್ದಕ್ಕೆ ಕರ ಏರಿತು. ಕಿತ್ತೂರು ಸಂಸ್ಥಾನದ ದತ್ತುಮಗನ ಹಕ್ಕು ಉಳಿಸುವ ಛಲಕ್ಕೆ ಈ ಸಂಕಟವೂ ಸೇರಿತು. ಅವನು ಬಂಡೆದ್ದಾಗ ಅವನ ಬೆನ್ನಿಗೆ ನಿಂತವರಲ್ಲಿ ಶೇತ್‌ಸನದಿಗಳು ಬಹಳ. ನಿನ್ನೆಯವರೆಗೆ ದಾರಿ, ಕಣಿವೆ, ಠಾಣೆ ಕಾಯ್ದವರಿಗೆ ಅವುಗಳ ಗುಟ್ಟು ಬಾಯಿಪಾಠವಾಗಿತ್ತು. ಸರಕಾರಿ ಕಚೇರಿಗಳು ಸುಟ್ಟವು. ಉಳಿಸಿದ ಕಂದಾಯಕ್ಕಿಂತ ಹೆಚ್ಚನ್ನು ಕಂಪನಿ ದಂಡು ಓಡಾಡಿಸುವುದರಲ್ಲೇ ಕಳೆದಿರಬೇಕು. 1830ರಲ್ಲಿ ಸೆರೆಸಿಕ್ಕ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು.

ಶೇತ್‌ಸನದಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾನೂನಿನಿಂದ ರದ್ದಾದವು. ಹುದ್ದೆಯಿಂದ ಬಂದ ಅಡ್ಡಹೆಸರುಗಳನ್ನು ಯಾವ ಕಾನೂನೂ ರದ್ದು ಮಾಡಲಿಲ್ಲ. ಹುಬ್ಬಳ್ಳಿ-ಧಾರವಾಡದ ಯಾವುದೇ ಶಾಲೆಯ ಹಾಜರಿ ಪುಸ್ತಕ ತೆರೆಯಿರಿ: ಕಿಲ್ಲೇದಾರ, ಜಮಾದಾರ, ತಳವಾರ, ವಾಲೀಕಾರ, ನಾಯಕವಾಡಿ.