ಡಕಾರ್ ಓಟಗಾರ ಸಂತೋಷ್ ಮತ್ತು ಶಿರಸ್ತ್ರಾಣದ ಚರಿತ್ರೆ

ಮೋಟಾರು ಸ್ಪರ್ಧೆಗಳ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕ್ರೀಡಾಪುಟದ ಒಂದು ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಕ್ರಿಕೆಟ್ಟಿಗೆ ದೊರೆಯುವ ಜಾಗ ಅದಕ್ಕಿಲ್ಲ. ಆದರೆ ಚಲನೆ, ಘರ್ಷಣೆ, ಜಡತ್ವ, ಶಕ್ತಿ ಇವುಗಳಿಗೆ ಇಷ್ಟು ಉದಾಹರಣೆಗಳನ್ನು ಒಂದೆಡೆ ಒದಗಿಸುವ ಕ್ರೀಡೆ ಇನ್ನೊಂದು ಸಿಗುವುದು ಕಷ್ಟ. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರ ಕ್ರೀಡಾಜೀವನವನ್ನು ನೀವು ಈ ದೃಷ್ಟಿಯಿಂದ ಗಮನಿಸಬೇಕು. ಅವರು ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. ಅದೇ ರ‍್ಯಾಲಿಯಲ್ಲಿ ತಲೆಗೆ ತೀವ್ರ ಪೆಟ್ಟು ತಿಂದು ಬದುಕಿ ಬಂದವರೂ ಹೌದು.

ಡಕಾರ್ ಎಂದರೇನು?

1977ರಲ್ಲಿ ಫ್ರಾನ್ಸಿನ ತಿಯೆರಿ ಸಬೀನ್ ಎಂಬಾತ ಮೋಟಾರು ಸೈಕಲ್ ಸ್ಪರ್ಧೆಯೊಂದರಲ್ಲಿ ಲಿಬಿಯದ ಮರುಭೂಮಿಯಲ್ಲಿ ದಾರಿ ತಪ್ಪಿದ. ಪಾರಾಗಿ ಬಂದವನಿಗೆ ಮರಳುಗಾಡಿನ ಮೇಲೆ ಭಯದ ಬದಲು ಮೋಹ ಹುಟ್ಟಿತು. 1978ರ ಡಿಸೆಂಬರ್ 26ರಂದು ಆತ ಸಂಘಟಿಸಿದ ಮೊದಲ ರ‍್ಯಾಲಿ ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ಡಕಾರ್ ನಗರದತ್ತ ಹೊರಟಿತು. ಮಾರಿಟೇನಿಯದಲ್ಲಿನ ಭದ್ರತೆಯ ಆತಂಕದಿಂದ 2008ರ ಸ್ಪರ್ಧೆ ರದ್ದಾಯಿತು. 2009ರಿಂದ ಅದು ದಕ್ಷಿಣ ಅಮೆರಿಕದಲ್ಲಿ, 2020ರಿಂದ ಸೌದಿ ಅರೇಬಿಯದಲ್ಲಿ ನಡೆಯುತ್ತಿದೆ. ಊರು ಬದಲಾದರೂ ಹೆಸರು ಮಾತ್ರ ಡಕಾರ್ ಎಂದೇ ಉಳಿದಿದೆ.

ಇದು ನುಣುಪಾದ ಟಾರು ಪಥದ ಮೇಲಿನ ಓಟವಲ್ಲ. ಸುಮಾರು ಎರಡು ವಾರಗಳ ಕಾಲ ಮರಳು, ಕಲ್ಲು, ಒಣಹಳ್ಳಗಳ ಮೇಲೆ ಸಾವಿರಾರು ಕಿಲೋಮೀಟರ್ ಸಾಗಬೇಕು. ದಾರಿಯನ್ನು ಸವಾರನೇ ಹುಡುಕಿಕೊಳ್ಳಬೇಕು. ಅವನಿಗೆ ಕೊಡುವುದು ದೂರ, ದಿಕ್ಕು ಮತ್ತು ಅಪಾಯದ ಗುರುತುಗಳಿರುವ ಒಂದು ದಾರಿಪಟ್ಟಿ ಮಾತ್ರ. ದಿಕ್ಕಿನಲ್ಲಿ 5 ಡಿಗ್ರಿ ತಪ್ಪಿದರೆ ಏನಾಗುತ್ತದೆಂದು ನಿಮ್ಮ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. 10 ಕಿ.ಮೀ. ಸಾಗುವಷ್ಟರಲ್ಲಿ ಸವಾರ ತನ್ನ ಗುರಿಯಿಂದ ಸುಮಾರು 870 ಮೀಟರ್ ದೂರದಲ್ಲಿರುತ್ತಾನೆ. ನಡುವೆ ಒಂದು ಮರಳದಿಬ್ಬವಿದ್ದರೆ ಗುರಿ ಅವನ ಕಣ್ಣಿಗೇ ಬೀಳದು. ತ್ರಿಕೋನಮಿತಿ ಇಲ್ಲಿ ಬರಿಯ ಪರೀಕ್ಷೆಯ ಪ್ರಶ್ನೆಯಲ್ಲ.

ಬೆಂಗಳೂರಿನಿಂದ ಉಯುನಿಗೆ

1983ರಲ್ಲಿ ಜನಿಸಿದ ಸಂತೋಷ್ ಮೊದಲು ಹೆಸರು ಮಾಡಿದ್ದು ಮಣ್ಣಿನ ಪಥದಲ್ಲಿ ಹಾರುತ್ತ ಓಡುವ ಮೋಟೋಕ್ರಾಸ್ ಸ್ಪರ್ಧೆಗಳಲ್ಲಿ. ಬಳಿಕ ದೂರದ ರ‍್ಯಾಲಿಗಳತ್ತ ತಿರುಗಿದರು. ನಮ್ಮಲ್ಲಿ ಆ ಕ್ರೀಡೆಗೆ ಹೇಳಿಕೊಡುವವರಾಗಲಿ, ಅಭ್ಯಾಸದ ನೆಲವಾಗಲಿ ಹೆಚ್ಚು ಇರಲಿಲ್ಲ. ಮುಂದೆ ಅವರೇ ಕೋಲಾರದ ಬಳಿ ಬಿಗ್ ರಾಕ್ ಎಂಬ ತರಬೇತಿ ಮೈದಾನವನ್ನು ಕಟ್ಟಿದರು.

2015ರ ಜನವರಿಯಲ್ಲಿ ಅವರು ಮೊದಲ ಬಾರಿಗೆ ಡಕಾರ್‌ಗೆ ಇಳಿದರು. ಅರ್ಜೆಂಟೀನದ ಬ್ಯೂನಸ್ ಐರಿಸ್‌ನಿಂದ ಹೊರಟು ಚಿಲಿ, ಬೊಲಿವಿಯಗಳನ್ನು ಹಾದು ಮರಳುವ ಸುಮಾರು 9,000 ಕಿ.ಮೀ. ದಾರಿ ಅದು. ಬೊಲಿವಿಯದ ಉಯುನಿ ಉಪ್ಪಿನ ಬಯಲು ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಮೂರನೆಯ ಎರಡು ಭಾಗದಷ್ಟು ಮಾತ್ರ. ಎಂಜಿನ್ನಿನ ಪ್ರತಿ ಉಸಿರಿಗೂ ಆಮ್ಲಜನಕ ಕಡಿಮೆ, ಆದ್ದರಿಂದ ಅದರ ಸಾಮರ್ಥ್ಯವೂ ಕಡಿಮೆ. ಸವಾರನ ಶ್ವಾಸಕೋಶದ ಪಾಡೂ ಅದೇ. ಆ ವರ್ಷ ಅಲ್ಲಿ ಮಳೆ ಬಿದ್ದು ಬಯಲಿನ ಮೇಲೆ ಉಪ್ಪುನೀರು ನಿಂತಿತ್ತು. ಚಕ್ರಗಳಿಂದ ಚಿಮ್ಮಿದ ಆ ನೀರು ತಂತಿಗಳ ಕೂಡುಗಳಿಗೆ ಸೇರಿತು. ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕವೆಂಬುದು ನಿಮಗೆ ಗೊತ್ತೇ ಇದೆ. ಹಲವರ ಗಾಡಿಗಳಲ್ಲಿ ವಿದ್ಯುತ್ ದೋಷ ಕಾಣಿಸಿಕೊಂಡಿತು, ಮುಂಚೂಣಿಯಲ್ಲಿದ್ದವರೂ ಹಿಂದೆ ಬಿದ್ದರು. ಹೊರಟ ಬೈಕುಗಳಲ್ಲಿ ಅರ್ಧದಷ್ಟು ಮಾತ್ರ ಕೊನೆಯವರೆಗೆ ಉಳಿದವು. ಸಂತೋಷ್ 36ನೆಯವರಾಗಿ ಓಟ ಮುಗಿಸಿದರು.

2016ರ ಪ್ರಯತ್ನ ಅರ್ಧಕ್ಕೆ ನಿಂತಿತು. 2017ರಲ್ಲಿ ಹೀರೋ ತಂಡದ ಪರವಾಗಿ ಅವರಿಗೆ 47ನೆಯ ಸ್ಥಾನ, 2018ರಲ್ಲಿ 34ನೆಯ ಸ್ಥಾನ ದೊರೆಯಿತು. ಅವರು ತೆರೆದ ದಾರಿಯಲ್ಲಿ ಇನ್ನಿತರರು ಬಂದರು. ಉಡುಪಿಯ ಕೆ. ಪಿ. ಅರವಿಂದ್ 2019ರ ಡಕಾರ್ ಅನ್ನು 37ನೆಯವರಾಗಿ ಮುಗಿಸಿದರು. ಅದೇ ವರ್ಷ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಬಾಹಾ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದರು.

ಎರಡು ಜನವರಿಗಳು

2020ರ ಜನವರಿ 12ರಂದು ಸಂತೋಷ್ ಅವರ ತಂಡದ ಸಹಸವಾರ, ಪೋರ್ಚುಗಲ್ಲಿನ ಪೌಲೊ ಗೊನ್ಸಾಲ್ವೆಸ್, ಸೌದಿ ಮರಳಿನಲ್ಲಿ ಬಿದ್ದು ಮೃತರಾದರು. ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಮರುವರ್ಷ, 2021ರ ಜನವರಿ 6ರಂದು, ರಿಯಾದ್ ಕಡೆಗಿನ ನಾಲ್ಕನೆಯ ಹಂತದಲ್ಲಿ ಸ್ವತಃ ಸಂತೋಷ್ ಬಿದ್ದರು. ಹೆಲಿಕಾಪ್ಟರಿನಲ್ಲಿ ರಿಯಾದ್‌ನ ಆಸ್ಪತ್ರೆಗೆ ಸಾಗಿಸಿ, ಔಷಧಿಯಿಂದ ಅವರನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಲಾಯಿತು. ಪೆಟ್ಟಾದ ಮಿದುಳಿಗೆ ಬೇಕಾಗುವ ಆಮ್ಲಜನಕವನ್ನು ತಗ್ಗಿಸಿ, ಬಾವು ಇಳಿಯಲು ಅವಕಾಶ ಕೊಡುವುದು ಈ ಚಿಕಿತ್ಸೆಯ ಉದ್ದೇಶ. ಅವರು ಚೇತರಿಸಿಕೊಂಡು ತಾಯ್ನಾಡಿಗೆ ಮರಳಿದರು.

ಅವರ ತಲೆಯ ಮೇಲೆ ಶಿರಸ್ತ್ರಾಣವಿತ್ತು. ಹಾಗಿದ್ದೂ ಪೆಟ್ಟಾದದ್ದೇಕೆ? ಅದಿಲ್ಲದಿದ್ದರೆ ಏನಾಗುತ್ತಿತ್ತು? ಇದಕ್ಕೆ ಉತ್ತರ ಶಿರಸ್ತ್ರಾಣದ ಚರಿತ್ರೆಯಲ್ಲಿದೆ.

ಒಂದು ಸಾವು, ಒಂದು ಸಂಶೋಧನೆ

1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಟಿ. ಇ. ಲಾರೆನ್ಸ್, ಅಂದರೆ ‘ಅರೇಬಿಯದ ಲಾರೆನ್ಸ್’, ಮೋಟಾರು ಸೈಕಲ್ಲಿನಿಂದ ಬಿದ್ದು ಆರು ದಿನಗಳ ಬಳಿಕ ತೀರಿಕೊಂಡ. ತಲೆಯ ಮೇಲೆ ರಕ್ಷಣೆ ಇರಲಿಲ್ಲ. ಅವನನ್ನು ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೈರ್ನ್ಸ್ ಎಂಬ ಮಿದುಳು ಶಸ್ತ್ರಚಿಕಿತ್ಸಕನೂ ಇದ್ದ. ಆತ ಮೋಟಾರು ಸೈಕಲ್ ಅಪಘಾತಗಳ ವಿವರಗಳನ್ನು ಕಲೆಹಾಕಿ, 1941ರಲ್ಲಿ ಶಿರಸ್ತ್ರಾಣದ ಮಹತ್ವವನ್ನು ತಿಳಿಸುವ ಪ್ರಬಂಧ ಪ್ರಕಟಿಸಿದ. ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು.

ಇದೇ ಆಕ್ಸ್‌ಫರ್ಡಿನ ಬಳಗದಲ್ಲಿ ಹೋಲ್‌ಬೋರ್ನ್ ಎಂಬ ಭೌತವಿಜ್ಞಾನಿಯಿದ್ದ. ಆತ ತಲೆಬುರುಡೆಯ ಆಕಾರದೊಳಗೆ ಜೆಲಟಿನ್ ತುಂಬಿ ಪರೀಕ್ಷಿಸಿದ. ಬುರುಡೆ ಥಟ್ಟನೆ ತಿರುಗಿದಾಗ ಒಳಗಿನ ಮೃದು ವಸ್ತು ಜಡತ್ವದಿಂದ ಹಿಂದುಳಿದು ಸೀಳುವಂತೆ ಎಳೆತಕ್ಕೊಳಗಾಗುತ್ತದೆ ಎಂದು 1943ರಲ್ಲಿ ತೋರಿಸಿದ. ಬುರುಡೆ ಒಡೆಯದೆಯೂ ಮಿದುಳು ಹಾನಿಗೊಳ್ಳಬಹುದೆಂಬುದಕ್ಕೆ ಇದು ಕಾರಣ ಒದಗಿಸಿತು.

ಮುಂದಿನ ಹೆಜ್ಜೆ ಅಮೆರಿಕದ್ದು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಲೊಂಬಾರ್ಡ್ ಮತ್ತು ಹರ್ಮನ್ ರಾತ್ ಗಟ್ಟಿಚಿಪ್ಪಿನ ಒಳಗೆ ಅಮುಕಿ ಕುಗ್ಗುವ ಪದರವುಳ್ಳ ಶಿರಸ್ತ್ರಾಣಕ್ಕೆ 1953ರಲ್ಲಿ ಪೇಟೆಂಟ್ ಪಡೆದರು. 1956ರಲ್ಲಿ ಪೀಟ್ ಸ್ನೆಲ್ ಎಂಬ ಅಮೆರಿಕನ್ ಕಾರು ಓಟಗಾರ ತಲೆಯ ಪೆಟ್ಟಿನಿಂದ ಸತ್ತ. ಮರುವರ್ಷ ಅವನ ಗೆಳೆಯರು ಅವನ ಹೆಸರಿನಲ್ಲೇ ಶಿರಸ್ತ್ರಾಣಗಳನ್ನು ಪರೀಕ್ಷಿಸುವ ಪ್ರತಿಷ್ಠಾನವನ್ನು ಸ್ಥಾಪಿಸಿದರು.

ಲೆಕ್ಕ ಮಾಡಿ ನೋಡಿ

ಸವಾರನ ತಲೆ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ ಎನ್ನೋಣ. ಗಾಡಿ ನಿಂತಿದ್ದರೂ ಅಷ್ಟು ಎತ್ತರದಿಂದ ಬಿದ್ದ ತಲೆ ಸೆಕೆಂಡಿಗೆ 5.4 ಮೀಟರ್ ವೇಗದಲ್ಲಿ ನೆಲಕ್ಕೆ ತಾಗುತ್ತದೆ. ನಿಲ್ಲುವಾಗಿನ ಋಣ ವೇಗೋತ್ಕರ್ಷವನ್ನು ಕಂಡುಹಿಡಿಯಲು ಒಂದು ಸುಲಭ ಸೂತ್ರವಿದೆ. ಬಿದ್ದ ಎತ್ತರವನ್ನು ನಿಲ್ಲಲು ತೆಗೆದುಕೊಂಡ ದೂರದಿಂದ ಭಾಗಿಸಿ. ಬರುವ ಸಂಖ್ಯೆ, ಅದು ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದನ್ನು ಸ್ಥೂಲವಾಗಿ ಹೇಳುತ್ತದೆ.

ಬರಿತಲೆ ನೆಲಕ್ಕೆ ಬಡಿದರೆ, ಚರ್ಮದ ಮೆತ್ತನೆ ಸೇರಿ 5 ಮಿ.ಮೀ.ನಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. 1,500ನ್ನು 5ರಿಂದ ಭಾಗಿಸಿದರೆ 300 ಪಟ್ಟು. ಶಿರಸ್ತ್ರಾಣದ ಒಳಪದರ 25 ಮಿ.ಮೀ. ಕುಗ್ಗಿದರೆ 60 ಪಟ್ಟು. ಎರಡು ಸಂದರ್ಭಗಳಲ್ಲೂ ಸಂವೇಗದ ಬದಲಾವಣೆ ಒಂದೇ, ಚಲನಶಕ್ತಿಯೂ ಒಂದೇ. ನಿಲ್ಲುವ ದೂರ ಐದು ಪಟ್ಟು ಹೆಚ್ಚಿದ್ದರಿಂದ ಬಲ ಐದನೆಯ ಒಂದು ಭಾಗಕ್ಕಿಳಿಯಿತು. ಬದುಕಿಗೂ ಸಾವಿಗೂ ನಡುವೆ ಇರುವುದು ಈ ಎರಡು ಸೆಂಟಿಮೀಟರ್!

ಇದನ್ನು ತರಗತಿಯಲ್ಲಿ ಮಾಡಿ ತೋರಿಸಬಹುದು. ದಪ್ಪನೆಯ ಥರ್ಮೋಕೋಲ್ ತುಂಡಿನ ಮೇಲೆ 1 ಮೀಟರ್ ಎತ್ತರದಿಂದ ಕಬ್ಬಿಣದ ಗುಂಡನ್ನು ಬೀಳಿಸಿ. ಬಿದ್ದ ಕುಳಿಯ ಆಳವನ್ನು ಅಳೆದು ಮೇಲಿನ ಸೂತ್ರದಲ್ಲಿ ಹಾಕಿ. ಥರ್ಮೋಕೋಲ್ ಸ್ವಲ್ಪ ಮರಳಿ ಏಳುವುದರಿಂದ ಉತ್ತರ ಸ್ಥೂಲವಷ್ಟೆ. ಆದರೆ ಕುಳಿ ಪೂರ್ತಿ ಮುಚ್ಚುವುದಿಲ್ಲ ಎಂಬುದನ್ನು ಗಮನಿಸಿ. ಶಿರಸ್ತ್ರಾಣದ ಒಳಪದರವೂ ಇದೇ ಜಾತಿಯದು. ಆದ್ದರಿಂದ ಒಮ್ಮೆ ಜೋರಾಗಿ ಪೆಟ್ಟು ತಿಂದ ಶಿರಸ್ತ್ರಾಣ, ಹೊರಗೆ ಚೆನ್ನಾಗಿ ಕಂಡರೂ, ಮತ್ತೆ ಬಳಸತಕ್ಕದ್ದಲ್ಲ.

ಶಿರಸ್ತ್ರಾಣದ ಮಿತಿ

ಯೂರೋಪಿನಲ್ಲಿ ಬಹುಕಾಲ ಜಾರಿಯಲ್ಲಿದ್ದ ಪರೀಕ್ಷಾ ಕ್ರಮದಲ್ಲಿ ಶಿರಸ್ತ್ರಾಣವನ್ನು ಬಡಿಯುತ್ತಿದ್ದ ವೇಗ ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿ.ಮೀ. ಮಾತ್ರ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಮಡಿಯಾಗುತ್ತದೆ. ಒಳಪದರ ಮಾತ್ರ ಇರುವಷ್ಟೇ ದಪ್ಪ. ಸಾಲದ್ದಕ್ಕೆ, ಹೋಲ್‌ಬೋರ್ನ್ ತೋರಿಸಿದ ತಿರುಗುವಿಕೆಯ ಹಾನಿಯನ್ನು ಅದು ಪೂರ್ತಿಯಾಗಿ ತಡೆಯಲಾರದು. ಸಂತೋಷ್ ಅವರಂಥ ನುರಿತ ಸವಾರನಿಗೂ ಪೆಟ್ಟಾದದ್ದನ್ನು ಈ ಬೆಳಕಿನಲ್ಲಿ ನೋಡಬೇಕು. 2021ರ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಗಾಳಿಚೀಲದ ಅಂಗಿಯನ್ನೂ ಕಡ್ಡಾಯ ಮಾಡಿದ್ದರು. ಅದರ ತತ್ತ್ವವೂ ಬೇರೆಯಲ್ಲ: ಎದೆ ನಿಲ್ಲುವ ದೂರವನ್ನು ಹಿಗ್ಗಿಸುವುದು.

ಇದು ದೂರದ ಮರಳುಗಾಡಿನ ಕಥೆಯಷ್ಟೇ ಅಲ್ಲ. ಕೊಳ್ಳೇಗಾಲದಿಂದ ನಮ್ಮ ಕಾಮಗೆರೆ, ಹನೂರುಗಳನ್ನು ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಒಂದು ದಿನ ನಿಂತು ನೋಡಿ. ಶಿರಸ್ತ್ರಾಣವನ್ನು ಕನ್ನಡಿಗೆ ನೇತುಹಾಕಿದವರು, ಪಟ್ಟಿ ಬಿಗಿಯದೆ ತಲೆಯ ಮೇಲೆ ಇಟ್ಟುಕೊಂಡವರು, ತೆಳ್ಳಗಿನ ಪ್ಲಾಸ್ಟಿಕ್ ಟೊಪ್ಪಿಗೆ ಧರಿಸಿದವರು ಎಷ್ಟು ಮಂದಿ! ಪ್ಲಾಸ್ಟಿಕ್ ಟೊಪ್ಪಿಗೆಯಲ್ಲಿ ಕುಗ್ಗುವ ಪದರವೇ ಇಲ್ಲ. ಪಟ್ಟಿ ಬಿಗಿಯದ ಶಿರಸ್ತ್ರಾಣ ತಲೆಗಿಂತ ಮೊದಲೇ ಹಾರಿಹೋಗುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿದೆ. ಐಎಸ್ 4151 ಎಂಬುದು ನಮ್ಮ ದೇಶದ ಗುಣಮಟ್ಟದ ಸಂಖ್ಯೆ. ಕೊಳ್ಳುವಾಗ ಐಎಸ್ಐ ಗುರುತಿನೊಡನೆ ಅದನ್ನೂ ನೋಡಿ.

ಪೊಲೀಸರ ದಂಡಕ್ಕೆ ಹೆದರಿ ತೊಡುವವನು ಅವರು ಕಾಣದ ತಿರುವಿನಲ್ಲಿ ಅದನ್ನು ತೆಗೆದಿಡುತ್ತಾನೆ. 300 ಮತ್ತು 60ರ ಲೆಕ್ಕವನ್ನು ತಾನೇ ಮಾಡಿದ ವಿದ್ಯಾರ್ಥಿ ಹಾಗೆ ಮಾಡಲಾರ. ಆ ಲೆಕ್ಕವನ್ನು ಮಾಡಿಸುವ ಕೆಲಸ ಅಧ್ಯಾಪಕರಾದ ನಮ್ಮದು.