ಐದನೆಯ ಗೇರು: ಒಂದು ಲಾರಿ, ಎರಡು ದಾರಿ

ಮುಂಬಯಿಯಿಂದ ಬೆಳಗಾವಿ-ಹುಬ್ಬಳ್ಳಿಗಳ ಕಡೆಗೆ ಹೊರಟ ನಮ್ಮವರಿಗೆ ಖಂಡಾಲದ ಘಟ್ಟ ಹೊಸದೇನಲ್ಲ. ಹೇರು ತುಂಬಿದ ಲಾರಿಯೊಂದು ಏರಿನಲ್ಲಿ ಏದುಸಿರು ಬಿಡುತ್ತ, ಗೇರು ಬದಲಾದಾಗಲೆಲ್ಲ ದನಿಯನ್ನೂ ಬದಲಾಯಿಸುತ್ತ ಮೆಲ್ಲನೆ ಸಾಗುವುದನ್ನು ನಾವೆಲ್ಲರೂ ಕಿಟಕಿಯಿಂದ ನೋಡಿದವರೇ. ಆ ದನಿಯ ಏರಿಳಿತದ ಹಿಂದೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ಕಾಲದ ಒಂದು ಅಮೆರಿಕನ್ ಲಾರಿಯನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ಹೇಳಲು ಯತ್ನಿಸುತ್ತೇವೆ.

ಗೇರಿನ ಮರ್ಮ ಹಳ್ಳಿಯ ಹಾರೆಯಲ್ಲಿಯೇ ಇದೆ. ಉದ್ದನೆಯ ಹಾರೆಯಿಂದ ಬಂಡೆಯನ್ನು ಮೀಟಿದರೆ ಬಲ ಹೆಚ್ಚುತ್ತದೆ. ಬಂಡೆ ಸರಿಯುವುದು ಮಾತ್ರ ಗೇಣಷ್ಟು. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಲೇಬೇಕು. ಒಂದನೆಯ ಗೇರಿನಲ್ಲಿ ಎಂಜಿನ್ನು ಹಲವು ಸುತ್ತು ಸುತ್ತಿ ಗಾಲಿಯನ್ನು ಒಂದು ಸುತ್ತು ತಿರುಗಿಸುತ್ತದೆ. ಬಲ ಬಹಳ, ವೇಗ ಅಲ್ಪ. ಗೇರು ಮೇಲೇರಿದಂತೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

1898ರಲ್ಲಿ ಫ್ರಾನ್ಸಿನ ಲೂಯಿ ರೆನೋ ತನ್ನ ಪುಟ್ಟ ಕಾರಿನ ಮೇಲಿನ ಗೇರಿನಲ್ಲಿ ಎಂಜಿನ್ನಿನ ತಿರುಗುವಿಕೆಯನ್ನು ನಡುವಣ ಹಲ್ಲುಚಕ್ರಗಳ ಹಂಗಿಲ್ಲದೆ ನೇರವಾಗಿ ಹಿಂದಕ್ಕೆ ಸಾಗಿಸಿದನು. ಈ ನೇರ ಗೇರೇ ಬಹುಕಾಲ ವಾಹನಗಳ ಕೊನೆಯ ಗೇರಾಗಿತ್ತು. ಅದನ್ನೂ ದಾಟಿ, ಗೇರ್‌ಬಾಕ್ಸಿನಿಂದ ಹೊರಡುವ ದಂಡವು ಎಂಜಿನ್ನಿಗಿಂತ ಹೆಚ್ಚು ಸುತ್ತುವಂತೆ ಮಾಡಿದರೆ ಅದಕ್ಕೆ ಓವರ್‌ಡ್ರೈವ್ ಎಂದು ಹೆಸರು. ಹೆಸರನ್ನು ಕೇಳಿದವರು ಇದು ಲಾರಿಗೆ ಅಧಿಕ ಬಲ ಕೊಡುವ ಉಪಾಯವೆಂದು ತಿಳಿದಾರು. ಸಂಗತಿ ಇದಕ್ಕೆ ತೀರ ವಿರುದ್ಧ. ಓವರ್‌ಡ್ರೈವಿನಲ್ಲಿ ಗಾಲಿಗೆ ದಕ್ಕುವ ಎಳೆತ ಎಲ್ಲ ಗೇರುಗಳಿಗಿಂತ ಕಡಿಮೆ. ಅದು ಎಂಜಿನ್ನಿಗೆ ಕೊಡುವ ವಿಶ್ರಾಂತಿ. ಸಮನಾದ ರಸ್ತೆಯಲ್ಲಿ ಮಾತ್ರ ದೊರೆಯುವ ವಿಶ್ರಾಂತಿ.

ಜನರಲ್ ಮೋಟಾರ್ಸ್ ಸಂಸ್ಥೆಯು 1941ರಿಂದ 1945ರ ವರೆಗೆ ಅಮೆರಿಕದ ಸೈನ್ಯಕ್ಕೆ ಐದು ಲಕ್ಷಕ್ಕೂ ಮಿಕ್ಕಿ ಜಿಎಂಸಿ ಲಾರಿಗಳನ್ನು ಕಟ್ಟಿಕೊಟ್ಟಿತು. ಇದು ಎರಡೂವರೆ ಟನ್ನಿನ ಲಾರಿ. ಮೂರು ಅಚ್ಚು, ಮೂರಕ್ಕೂ ಎಂಜಿನ್ನಿನ ಬಲ. ಸುಮಾರು 90 ಅಶ್ವಶಕ್ತಿಯ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಗೇರ್‌ಬಾಕ್ಸಿನಲ್ಲಿ ಐದು ಗೇರು: ನಾಲ್ಕನೆಯದು ನೇರ, ಐದನೆಯದು ಓವರ್‌ಡ್ರೈವ್. ಅದರ ಹಿಂದೆ ಮೇಲು-ಕೆಳಗು ಎಂಬ ಎರಡು ಹಂತಗಳ ಇನ್ನೊಂದು ಪೆಟ್ಟಿಗೆ. ಎಲ್ಲವನ್ನೂ ಗುಣಿಸಿ ನೋಡಿದರೆ, ತೀರ ಕೆಳಗಿನ ಗೇರಿನಲ್ಲಿ ಗಾಲಿ ಒಂದು ಸುತ್ತು ಬರಲು ಎಂಜಿನ್ನು ಸುಮಾರು 105 ಸುತ್ತು ತಿರುಗಬೇಕು. ತೀರ ಮೇಲಿನದರಲ್ಲಿ ಆರು ಸುತ್ತು ಸಾಕು. ಆರರಿಂದ ನೂರೈದು! ಈ ಅಂತರದೊಳಗೆ ಜಗತ್ತಿನ ಎಲ್ಲ ರಸ್ತೆಗಳೂ ಅಡಗಿದ್ದುವೆಂದರೆ ಅತಿಶಯೋಕ್ತಿಯಾಗಲಾರದು.

ಈ ಅಂತರದ ಒಂದು ತುದಿಯನ್ನು ಫ್ರಾನ್ಸಿನಲ್ಲಿ ಕಾಣಬಹುದು. 1944ರ ಬೇಸಿಗೆಯಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ನಾರ್ಮಂಡಿಯಿಂದ ಮುನ್ನುಗ್ಗಿತು. ಆದರೆ ಶತ್ರುವನ್ನು ತಡೆಯಲೆಂದು ತಾವೇ ಬಾಂಬು ಹಾಕಿ ಕೆಡಿಸಿದ್ದ ರೈಲುಹಾದಿಗಳು ಈಗ ತಮ್ಮ ಉಪಯೋಗಕ್ಕೂ ಇಲ್ಲವಾದುವು. ಪೆಟ್ರೋಲು, ಮದ್ದುಗುಂಡುಗಳೆಲ್ಲವೂ ಲಾರಿಯ ಮೇಲೆಯೇ ಹೋಗಬೇಕಾಯಿತು. ಆಗಸ್ಟ್ 25ರಂದು ಮೊದಲಾದ ಈ ಸಾಗಾಟಕ್ಕೆ ರೆಡ್ ಬಾಲ್ ಎಕ್ಸ್‌ಪ್ರೆಸ್ ಎಂದು ಹೆಸರು. ನವೆಂಬರ್ 16ರ ವರೆಗೆ ಅದು ಹಗಲಿರುಳೂ ನಡೆಯಿತು. ಭರದ ದಿನಗಳಲ್ಲಿ ಸುಮಾರು 5,900 ವಾಹನಗಳು ದಿನಕ್ಕೆ 12,000 ಟನ್ನಿಗೂ ಮಿಕ್ಕು ಸಾಮಾನು ಸಾಗಿಸಿದುವು. ಕಟ್ಟಳೆಯ ವೇಗ ಗಂಟೆಗೆ 25 ಮೈಲಿ. ಆ ವೇಗದಲ್ಲಿ ನಾಲ್ಕನೆಯ ಗೇರಿಗೆ ಎಂಜಿನ್ನು ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗಿದರೆ, ಐದನೆಯದಕ್ಕೆ ಸುಮಾರು 1,450 ಸಾಕೆಂದು ಲೆಕ್ಕ ಹೇಳುತ್ತದೆ. ನೂರಾರು ಮೈಲಿಗಳ ಓಟದಲ್ಲಿ, ರಿಪೇರಿಗೆ ಬಿಡುವಿಲ್ಲದ ಎಂಜಿನ್ನಿಗೆ ಇದು ಸಣ್ಣ ಉಪಕಾರವಲ್ಲ. ಕಟ್ಟಳೆ ಮೀರಿ, ವೇಗವನ್ನು ತಡೆಯುವ ಗವರ್ನರನ್ನು ಕಿತ್ತು ಓಡಿಸಿದವರೂ ಇದ್ದರು.

ಇನ್ನೊಂದು ತುದಿ ನಮ್ಮ ಅಸ್ಸಾಮಿನಲ್ಲಿದೆ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದು ಚೀನಾದ ದಾರಿಯನ್ನು ಮುಚ್ಚಿದಾಗ, ಅದೇ ವರ್ಷದ ಡಿಸೆಂಬರಿನಲ್ಲಿ ಲೇಡೋ ಊರಿನಿಂದ ಹೊಸ ರಸ್ತೆಯ ಕೆಲಸ ಆರಂಭವಾಯಿತು. ಪಾಟ್ಕಾಯ್ ಬೆಟ್ಟಗಳ ಕಾಡು, ಮಳೆಗಾಲದ ಕೆಸರು, ಮಲೇರಿಯಾ. 3,700 ಅಡಿಗೂ ಮಿಕ್ಕ ಪಾಂಗ್‌ಸಾವು ಕಣಿವೆ. ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಈ ಕೆಲಸದಲ್ಲಿ ಪ್ರಾಣ ತೆತ್ತರು. ಅಲ್ಲಿ ಮಡಿದ ನಮ್ಮ ದೇಶದ ಕೂಲಿಕಾರರೂ ಅನೇಕರು. 1945ರ ಜನವರಿ 12ರಂದು ಲೇಡೋ ಬಿಟ್ಟ 113 ವಾಹನಗಳ ಮೊದಲ ಸಾಲು ಫೆಬ್ರವರಿ 4ರಂದು ಚೀನಾದ ಕುನ್‌ಮಿಂಗನ್ನು ಸೇರಿತು.

ಈ ದಾರಿಯಲ್ಲಿಯೂ ಅದೇ ಜಿಎಂಸಿ ಲಾರಿಗಳು ಓಡಿದುವು. ಆದರೆ ಬೆಟ್ಟದ ತಿರುವುಗಳಲ್ಲಿ ಐದನೆಯ ಗೇರಿಗೆ ಕೆಲಸವೇನು? ಏರಿನಲ್ಲಿ ಅದು ಎಳೆಯದು. ಇಳಿಜಾರಿನಲ್ಲಿ ಅದು ಹಿಡಿಯದು. ಇಳಿಯುವಾಗ ಲಾರಿಯನ್ನು ತಡೆದು ನಿಲ್ಲಿಸುವುದು ಬ್ರೇಕೊಂದೇ ಅಲ್ಲ, ಕೆಳಗಿನ ಗೇರಿಗೆ ಕಟ್ಟುಬಿದ್ದ ಎಂಜಿನ್ನೂ ಹೌದು. ಮೇಲಿನ ಗೇರಿನಲ್ಲಿ ಆ ಹಿಡಿತ ಸಡಿಲ. ಬ್ರೇಕು ಕಾದು ಸೋತಿತೆಂದರೆ ಮುಂದಿರುವುದು ಪ್ರಪಾತವೇ. ಏರನ್ನು ಕಾಣುವ ಮೊದಲೇ ಕಿವಿಯಿಂದ ಎಂಜಿನ್ನಿನ ದಣಿವನ್ನು ಅರಿತು, ಕ್ಲಚ್ಚನ್ನು ಎರಡು ಸಲ ಒತ್ತಿ, ಹಲ್ಲಿಗೆ ಹಲ್ಲು ಕೂಡಿಸುವ ಚಾಲಕನ ಕೈಯಲ್ಲಿ ಹಿಂದೆ ಕುಳಿತವರ ಪ್ರಾಣವಿತ್ತು.

ಆ ಕೈಗಳು ಯಾರವು? ರೆಡ್ ಬಾಲಿನ ಚಾಲಕರಲ್ಲಿ ಮುಕ್ಕಾಲು ಪಾಲು ಆಫ್ರಿಕನ್ ಮೂಲದ ಅಮೆರಿಕನ್ನರು. ಲೇಡೋ ರಸ್ತೆಯ ಅಮೆರಿಕನ್ ಸೈನಿಕರಲ್ಲಿಯೂ ಅವರದೇ ದೊಡ್ಡ ಪಾಲು. ಸೈನ್ಯವೋ ಅವರನ್ನು ಬೇರೆ ದಳಗಳಲ್ಲಿಯೇ ಇರಿಸಿತ್ತು. ಈ ಭೇದವನ್ನು ತೊಡೆಯುವ ಆಜ್ಞೆ ಅಧ್ಯಕ್ಷ ಟ್ರೂಮನ್ನರಿಂದ ಹೊರಟದ್ದು 1948ರಲ್ಲಿ. ಸೇನಾಪತಿಗಳ ಹೆಸರು ಚರಿತ್ರೆಯ ಪುಸ್ತಕಗಳಲ್ಲಿ ತುಂಬಿದೆ. ಗೇರಿನ ಹಿಡಿಯನ್ನು ಹಿಡಿದವರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಯುದ್ಧ ಮುಗಿದಮೇಲೆ ಭಾರತದಲ್ಲಿ ಉಳಿದ ಸೈನ್ಯದ ವಾಹನಗಳು ಹರಾಜಾಗಿ ನಮ್ಮ ರಸ್ತೆಗಳಿಗೂ ಇಳಿದುವು. ಜೆಮ್‌ಷೆಡ್‌ಪುರದಲ್ಲಿ ಟಾಟಾದವರು ಜರ್ಮನರ ಸಹಾಯದಿಂದ ಲಾರಿ ಕಟ್ಟತೊಡಗಿದ್ದು 1954ರಲ್ಲಿ. ಇಂದು ಗೇರನ್ನು ತಾನೇ ಬದಲಾಯಿಸಿಕೊಳ್ಳುವ ಲಾರಿಗಳೂ ಬಂದಿವೆ. ಆದರೂ ಬೆಟ್ಟ ತಗ್ಗಾಗಿಲ್ಲ, ಹೇರು ಹಗುರಾಗಿಲ್ಲ. ಬಯಲಿನಲ್ಲಿ ಐದನೆಯ ಗೇರಿಗೆ ಏರುವುದು ಸುಲಭ. ಘಟ್ಟ ಎದುರಾದಾಗ ಸಕಾಲದಲ್ಲಿ ಕೆಳಗಿಳಿಯುವುದೇ ವಿದ್ಯೆ. ಮುಂದಿನ ಸಲ ಖಂಡಾಲದಲ್ಲಿ ಲಾರಿಯೊಂದು ದಾರಿಗಡ್ಡವಾಗಿ ತೆವಳಿದಾಗ ನಮ್ಮ ಬಸ್ಸು ತಡವಾಯಿತೆಂದು ಬೇಸರಪಡದೆ, ಅದರ ದನಿಗೆ ಒಂದು ಗಳಿಗೆ ಕಿವಿಗೊಡೋಣ.