ನಿರಾಯುಧ ಕಾಳಗ: ಕೈಪಿಡಿ ಓದಿ ಕಲಿಯಬಹುದೇ?

ಶಹಾಪುರವನ್ನು ಒಳಗೊಂಡ ಬೆಳಗಾವಿ ನಗರಕ್ಕೆ ಸೇನೆಯ ನಂಟು ಹಳೆಯದು. ಮರಾಠಾ ಲಘು ಪದಾತಿ ದಳದ ಕೇಂದ್ರವೂ ಕಮಾಂಡೊ ತರಬೇತಿ ನೀಡುವ ಜೂನಿಯರ್ ಲೀಡರ್ಸ್ ವಿಂಗ್ ಕೂಡ ಇಲ್ಲಿವೆ. ಸೈನಿಕರ ನಿರಾಯುಧ ಕಾಳಗವನ್ನು ಪುಸ್ತಕ ನೋಡಿ ಕಲಿಯುವ ಆಸೆ ಇಲ್ಲಿನ ಯುವಕರಲ್ಲಿ ಮೂಡಿದರೆ ಅಚ್ಚರಿಯಿಲ್ಲ.

ಇಂಥ ಕೈಪಿಡಿಗಳು ಪ್ರಸಿದ್ಧವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಶಾಂಘೈ ನಗರ ಪೊಲೀಸ್ ಪಡೆಯಲ್ಲಿದ್ದ ಡಬ್ಲ್ಯು. ಇ. ಫೇರ್‌ಬೇರ್ನ್ ಬ್ರಿಟಿಷ್ ಕಮಾಂಡೊಗಳಿಗೆ ಕಲಿಸಿದ ಪಟ್ಟುಗಳು 1942ರಲ್ಲಿ 'ಆಲ್-ಇನ್ ಫೈಟಿಂಗ್' ಎಂಬ ಪುಸ್ತಕವಾಗಿ ಬಂದವು. ಅದೇ ವರ್ಷ ಅಮೆರಿಕದ ಸೇನೆ 'ಎಫ್‌ಎಂ 21-150' ಕೈಪಿಡಿಯನ್ನು ಹೊರತಂದಿತು. ಹೊಸ ಸೈನಿಕರಿಗೆ ಅಲ್ಪಾವಧಿಯಲ್ಲಿ ಕಲಿಸಬೇಕಾಗಿದ್ದುದರಿಂದ ಸರಳವಾದ ಕೆಲವೇ ಪಟ್ಟುಗಳಿಗೆ ಆದ್ಯತೆ ದೊರೆಯಿತು.

ಆದರೆ ಸೇನಾ ಕೈಪಿಡಿಯು ಬೋಧಕನಿಗೆ ನೆರವಾಗಬಲ್ಲದೇ ಹೊರತು ಅವನ ಸ್ಥಾನ ತುಂಬಲಾರದು. ಚಿತ್ರದಲ್ಲಿ ಹಿಡಿತ ಕಾಣುತ್ತದೆ. ಎದುರಾಳಿಯ ತೂಕ, ಬಲ, ವೇಗ ಕಾಣುವುದಿಲ್ಲ. ಕತ್ತು ಮತ್ತು ಕೀಲುಗಳ ಪಟ್ಟುಗಳನ್ನು ಗೆಳೆಯರ ಮೇಲೆ ಪ್ರಯೋಗಿಸುವುದು ಅಪಾಯಕರ. ಪೆಟ್ಟಾಗದಂತೆ ಬೀಳುವುದೇ ಮೊದಲ ಪಾಠ. ಅದನ್ನು ಮೆತ್ತನೆಯ ನೆಲದ ಮೇಲೆ ಗುರುವಿನ ಎದುರಿನಲ್ಲೇ ಕಲಿಯಬೇಕು. ಗರಡಿಯ ಕುಸ್ತಿ ಅಥವಾ ಜೂಡೊ ತರಗತಿ ಇದಕ್ಕೆ ಸೂಕ್ತ ಆರಂಭ.

ಕಾನೂನನ್ನೂ ಮರೆಯುವಂತಿಲ್ಲ. ರಣರಂಗದಲ್ಲಿ ಸೈನಿಕನ ಗುರಿ ಶತ್ರುವನ್ನು ಕೆಡವುವುದು. ನಾಗರಿಕನಿಗಾದರೋ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ, ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕಿಲ್ಲ. ಆದುದರಿಂದ ಹಿಡಿತದಿಂದ ಬಿಡಿಸಿಕೊಂಡು ಪಾರಾಗುವ ಕ್ರಮವನ್ನೇ ಮೊದಲು ಕಲಿಯುವುದು ಲೇಸು.